ಬೇಸ್ ಬಿಡುವ ಕ್ಷಣ: ಮಕ್ಕಳ ಬೇಸ್‌ಬಾಲ್‌ನಲ್ಲಿ ರನ್ನರ್ ನಿಲ್ಲುವ ನಿಯಮಗಳು

ಈ ಬಾರಿ ಆಯ್ದುಕೊಂಡಿರುವ ಪತ್ರಗಳೆಲ್ಲ ಒಂದೇ ವಿಷಯಕ್ಕೆ ಸಂಬಂಧಿಸಿದವು: ಬೇಸ್ ಮೇಲಿರುವ ಮಗು ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು, ಅವಸರಪಟ್ಟರೆ ಏನಾಗುತ್ತದೆ. ಉತ್ತರಗಳನ್ನು ಮುಖ್ಯವಾಗಿ ಅಮೆರಿಕದ ಲಿಟಲ್ ಲೀಗ್‌ನ ನಿಯಮಾವಳಿಯ ಆಧಾರದ ಮೇಲೆ ಬರೆಯಲಾಗಿದೆ. ಬೇರೆ ಸಂಸ್ಥೆಗಳ ಅಡಿಯಲ್ಲಿ ಆಡುವ ತಂಡಗಳಿಗೂ ತೀರಾ ಚಿಕ್ಕ ಮಕ್ಕಳ ವಿಭಾಗಗಳಿಗೂ ಕೆಲವು ನಿಯಮಗಳು ಬದಲಾಗುತ್ತವೆ. ಆದ್ದರಿಂದ ಋತು ಆರಂಭವಾಗುವ ಮೊದಲೇ ನಿಮ್ಮ ಲೀಗಿನ ನಿಯಮ ಪುಸ್ತಕವನ್ನು ಒಮ್ಮೆ ತೆರೆದು ನೋಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಹತ್ತು ವರ್ಷದ ನನ್ನ ಮಗ ಮೊದಲ ಬೇಸ್‌ನಿಂದ ಎರಡನೇ ಬೇಸ್‌ಗೆ ಸ್ಟೀಲ್ ಮಾಡಿ (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ), ಚೆಂಡು ಬರುವ ಮೊದಲೇ ತಲುಪಿದ. ಆದರೆ ಅವನು ಓಡುತ್ತಿದ್ದಾಗಲೇ ಅಂಪೈರ್ ಒಂದು ಕರವಸ್ತ್ರವನ್ನು ನೆಲಕ್ಕೆ ಹಾಕಿದ್ದರು. ಆಟ ನಿಂತ ಮೇಲೆ ಅವನನ್ನು ಮೊದಲ ಬೇಸ್‌ಗೆ ವಾಪಸ್ ಕಳಿಸಿದರು. ಸಾಫ್ಟ್‌ಬಾಲ್ ಆಡುವ ನನ್ನ ಮಗಳು ಕಳೆದ ವರ್ಷ ಇದೇ ತಪ್ಪಿಗೆ ಔಟ್ ಆಗಿದ್ದಳು. ಎರಡರಲ್ಲಿ ಯಾವ ತೀರ್ಪು ಸರಿ?

ಉತ್ತರ: ಎರಡೂ ಸರಿ. ವೇಗದ ಪಿಚಿಂಗ್ ಇರುವ ಸಾಫ್ಟ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಚೆಂಡು ಪಿಚರ್‌ನ ಕೈ ಬಿಡುವವರೆಗೆ ಮಾತ್ರ ರನ್ನರ್ ಬೇಸ್‌ಗೆ ಅಂಟಿಕೊಂಡಿರಬೇಕು. ಅದಕ್ಕೂ ಮೊದಲು ಕಾಲೆತ್ತಿದರೆ ಚೆಂಡು ಡೆಡ್ ಆಗುತ್ತದೆ (ಆಟ ಅಲ್ಲಿಗೇ ನಿಲ್ಲುತ್ತದೆ), ಆ ಪಿಚ್ ಲೆಕ್ಕಕ್ಕೆ ಬರುವುದಿಲ್ಲ ಮತ್ತು ರನ್ನರ್ ಔಟ್. ಲಿಟಲ್ ಲೀಗ್ ಬೇಸ್‌ಬಾಲ್‌ನ ಮೇಜರ್ ವಿಭಾಗ ಮತ್ತು ಅದಕ್ಕಿಂತ ಕೆಳಗಿನ ವಿಭಾಗಗಳಲ್ಲಿ, ಅಂದರೆ ಹನ್ನೆರಡು ವರ್ಷದವರೆಗಿನ ಮಕ್ಕಳು ಆಡುವ ಚಿಕ್ಕ ಮೈದಾನದಲ್ಲಿ, 7.13ನೇ ನಿಯಮ ಅನ್ವಯಿಸುತ್ತದೆ. ಕಾಯುವ ವಿಷಯದಲ್ಲಿ ಅದು ಹೆಚ್ಚು ಕಟ್ಟುನಿಟ್ಟು, ಶಿಕ್ಷೆಯ ವಿಷಯದಲ್ಲಿ ಹೆಚ್ಚು ಮೃದು.

ಆ ನಿಯಮ ಹೀಗಿದೆ. ಪಿಚರ್ ಚೆಂಡನ್ನು ಕೈಯಲ್ಲಿ ಹಿಡಿದು ಪಿಚಿಂಗ್ ಪ್ಲೇಟನ್ನು (ಎಸೆಯುವ ಜಾಗದ ಪಟ್ಟಿಯನ್ನು) ಮೆಟ್ಟಿ ನಿಂತಿದ್ದು, ಬ್ಯಾಟರ್‌ನ ಹಿಂದಿರುವ ಕ್ಯಾಚರ್ ತನ್ನ ಬಾಕ್ಸ್‌ನಲ್ಲಿ ಚೆಂಡು ಪಡೆಯಲು ಸಿದ್ಧನಾಗಿದ್ದರೆ, ಪಿಚ್ ಆದ ಚೆಂಡು ಬ್ಯಾಟರ್‌ನನ್ನು ತಲುಪುವವರೆಗೆ ಯಾವ ರನ್ನರ್ ಕೂಡ ಬೇಸ್ ಬಿಡುವಂತಿಲ್ಲ. ಕ್ರಿಕೆಟ್‌ನ ನಾನ್‌ಸ್ಟ್ರೈಕರ್‌ನನ್ನು ನೋಡಿ ಬೆಳೆದವರು ಬೌಲರ್ ಕೈಯಿಂದ ಚೆಂಡು ಹೊರಟರೆ ಸಾಕು ಎಂದುಕೊಳ್ಳುವುದು ಸಹಜ. ಇಲ್ಲಿ ಅಷ್ಟು ಸಾಲದು. ಚೆಂಡು ಪಿಚರ್ ಮತ್ತು ಬ್ಯಾಟರ್ ನಡುವಿನ ಪೂರ್ತಿ ದೂರ ಕ್ರಮಿಸಬೇಕು. ಮೊದಲ ಋತುವಿನಲ್ಲಿ ಮಕ್ಕಳು ಹೆಚ್ಚಾಗಿ ಎಡವುವುದು ಈ ಅರ್ಧ ಸೆಕೆಂಡಿಗೂ ಸ್ವಲ್ಪ ಹೆಚ್ಚಿನ ಅಂತರದಲ್ಲೇ.

ಇನ್ನು ಶಿಕ್ಷೆಯ ಮಾತು. ಬ್ಯಾಟರ್ ಚೆಂಡನ್ನು ಹೊಡೆಯದಿದ್ದಾಗ, ಅವಸರವಾಗಿ ಹೊರಟ ರನ್ನರ್‌ಗೆ ಓಟ ಮುಂದುವರಿಸಲು ಅವಕಾಶವಿದೆ. ಅಂಪೈರ್ ಬಾವುಟವನ್ನೋ ಕರವಸ್ತ್ರವನ್ನೋ ತಕ್ಷಣ ಕೆಳಗೆ ಹಾಕುವುದು ತಪ್ಪನ್ನು ಗುರುತಿಸಲು ಮಾತ್ರ. ಅದರಿಂದ ಆಟ ನಿಲ್ಲುವುದಿಲ್ಲ. ಮಗು ಸುರಕ್ಷಿತವಾಗಿ ಮುಂದಿನ ಬೇಸ್ ತಲುಪಿದರೆ ಹಿಂದಿನ ಬೇಸ್‌ಗೆ ಮರಳಬೇಕು. ಓಡುವಾಗ ಎದುರಾಳಿಗಳು ಟ್ಯಾಗ್ ಮಾಡಿದರೆ (ಚೆಂಡಿರುವ ಕೈ ಅಥವಾ ಗ್ಲೌಸ್‌ನಿಂದ ಮುಟ್ಟಿದರೆ) ಮಾತ್ರ ಆ ಔಟ್ ಹಾಗೆಯೇ ಉಳಿಯುತ್ತದೆ. ಎಂದರೆ ಮೊದಲೇ ಹೊರಟವರಿಗೆ ಲಾಭವಂತೂ ಸಿಗುವುದಿಲ್ಲ, ನಷ್ಟ ಮಾತ್ರ ಆಗಬಹುದು. ಒಬ್ಬ ರನ್ನರ್ ಮಾಡಿದ ತಪ್ಪು ಬೇಸ್‌ಗಳ ಮೇಲಿರುವ ಉಳಿದವರಿಗೂ ಅನ್ವಯಿಸುತ್ತದೆ ಎಂಬುದನ್ನೂ ಗಮನಿಸಿ. ಮೊದಲ ಮತ್ತು ಎರಡನೇ ಬೇಸ್‌ನಲ್ಲಿದ್ದವರು ಒಟ್ಟಿಗೆ ಸ್ಟೀಲ್ ಮಾಡಿ, ಅವರಲ್ಲಿ ಒಬ್ಬರು ಮಾತ್ರ ಮೊದಲೇ ಕಾಲೆತ್ತಿದ್ದರೂ ಇಬ್ಬರೂ ಹಿಂದಿರುಗಬೇಕಾಗುತ್ತದೆ.

ನಿಮ್ಮ ಮಗನಿಗೆ ಒಂದು ಮಾತು ಖಂಡಿತ ಹೇಳಿ: ಕರವಸ್ತ್ರ ಬಿದ್ದದ್ದು ಕಣ್ಣಿಗೆ ಬಿದ್ದರೂ ಓಟ ನಿಲ್ಲಿಸಬಾರದು. ಹೇಗೂ ವಾಪಸ್ ಕಳಿಸುತ್ತಾರೆ ಎಂದು ದಾರಿ ಮಧ್ಯೆ ನಿಂತ ಮಗುವನ್ನು ಟ್ಯಾಗ್ ಮಾಡಿದರೆ, ಹಿಂದಿನ ಬೇಸ್‌ಗೆ ಮರಳುವುದರಲ್ಲೇ ಮುಗಿಯಬೇಕಿದ್ದ ಸಂಗತಿ ಔಟ್ ಆಗಿ ಬದಲಾಗುತ್ತದೆ.

ಪ್ರಶ್ನೆ: ಟಿವಿಯಲ್ಲಿ ನೋಡುವ ವೃತ್ತಿಪರ ಆಟಗಾರರು ಪಿಚರ್ ಚೆಂಡು ಎಸೆಯುವ ಮೊದಲೇ ಬೇಸ್‌ನಿಂದ ಹತ್ತು ಹನ್ನೆರಡು ಅಡಿ ಮುಂದೆ ಬಂದು ನಿಂತಿರುತ್ತಾರೆ. ಮಕ್ಕಳಿಗೂ ಅದನ್ನೇ ಕಲಿಸಿದರೆ ಮುಂದೆ ಅನುಕೂಲವಲ್ಲವೆ? ಈ ನಿರ್ಬಂಧಕ್ಕೆ ನಿಜವಾದ ಕಾರಣವಿದೆಯೆ, ಅಥವಾ ಹಳೆಯ ಕಾಲದಿಂದ ಹಾಗೇ ಮುಂದುವರಿದು ಬಂದಿದೆಯೆ?

ಉತ್ತರ: ಕಾರಣವಿದೆ, ಮತ್ತು ಅದು ಮೈದಾನದ ಅಳತೆಯಲ್ಲಿದೆ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಜ್ ಅವರು ಲಿಟಲ್ ಲೀಗ್ ಆರಂಭಿಸಿದಾಗ, ದೊಡ್ಡವರ ಮೈದಾನ ಮಕ್ಕಳ ಕಾಲಿಗೂ ತೋಳಿಗೂ ಹೊಂದುವುದಿಲ್ಲ ಎಂಬುದೇ ಅವರ ಮುಖ್ಯ ಕಾಳಜಿಯಾಗಿತ್ತು. ದೊಡ್ಡವರ ಆಟದಲ್ಲಿ ಬೇಸ್‌ನಿಂದ ಬೇಸ್‌ಗೆ 90 ಅಡಿ. ಮಕ್ಕಳ ಮೈದಾನದಲ್ಲಿ 60 ಅಡಿ. ಪಿಚಿಂಗ್ ದೂರ ದೊಡ್ಡವರಿಗೆ 60 ಅಡಿ 6 ಅಂಗುಲ. ಮಕ್ಕಳಿಗೆ 46 ಅಡಿ.

ಈಗ ಲೆಕ್ಕ ಹಾಕಿ ನೋಡೋಣ. 90 ಅಡಿಯ ದಾರಿಯಲ್ಲಿ ಹತ್ತು ಅಡಿ ಮುಂದೆ ನಿಂತರೆ ಒಂಬತ್ತನೇ ಒಂದು ಭಾಗ ಕಳೆದಂತಾಯಿತು. 60 ಅಡಿಯಲ್ಲಿ ಅದೇ ಹತ್ತು ಅಡಿ ಎಂದರೆ ಆರನೇ ಒಂದು ಭಾಗ. ಅತ್ತ ಹೋಮ್ ಪ್ಲೇಟ್‌ನ ಹಿಂದಿರುವ ಹತ್ತು ಹನ್ನೊಂದು ವರ್ಷದ ಕ್ಯಾಚರ್, ತನ್ನ ತೂಕಕ್ಕೆ ಹೊರೆಯೆನಿಸುವ ರಕ್ಷಾ ಕವಚಗಳೊಂದಿಗೆ ಕೂತಲ್ಲಿಂದ ಎದ್ದು, ಎರಡನೇ ಬೇಸ್‌ಗೆ ಸುಮಾರು 85 ಅಡಿ ದೂರ ನೇರವಾಗಿ ಚೆಂಡೆಸೆಯಬೇಕು. ರನ್ನರ್ ಬೇಸ್ ಮೇಲೆಯೇ ಕಾದು ಹೊರಟರೂ ಇದು ಕಷ್ಟದ ಕೆಲಸ. ಹೀಗೆ ಮುಂದೆ ಬಂದು ನಿಲ್ಲುವ ಲೀಡ್‌ಗೆ ಅವಕಾಶ ಕೊಟ್ಟರಂತೂ ಪ್ರತಿ ವಾಕ್ (ನಾಲ್ಕು ಕೆಟ್ಟ ಎಸೆತಗಳಿಂದ ಬ್ಯಾಟರ್‌ಗೆ ಸಿಗುವ ಮೊದಲ ಬೇಸ್) ಕೂಡ ಎರಡು ಪಿಚ್‌ಗಳಲ್ಲಿ ಮೂರನೇ ಬೇಸ್ ಆಗಿಬಿಡುತ್ತದೆ. ಚೆಂಡನ್ನು ಹೊಡೆಯುವ, ಹಿಡಿಯುವ ಆಟಕ್ಕೆ ಅರ್ಥವೇ ಉಳಿಯುವುದಿಲ್ಲ.

ಪಿಚರ್‌ನ ಕಡೆಯಿಂದಲೂ ಯೋಚಿಸಬೇಕು. ಗಂಟೆಗೆ 50 ಮೈಲಿ ವೇಗದ ಪಿಚ್ 46 ಅಡಿ ಕ್ರಮಿಸಲು ಸುಮಾರು 0.6 ಸೆಕೆಂಡು ತೆಗೆದುಕೊಳ್ಳುತ್ತದೆ. ಸ್ಟ್ರೈಕ್ ಎಸೆಯುವುದನ್ನು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಬ್ಯಾಟರ್‌ನ ಮೇಲೆ ಗಮನವಿಡುವುದೇ ಸಾಕಷ್ಟು ಕೆಲಸ. ಬೆನ್ನ ಹಿಂದಿನ ರನ್ನರ್‌ನನ್ನು ಕಾಯುವುದು, ಅವನನ್ನು ಔಟ್ ಮಾಡಲು ಬೇಸ್‌ಗೆ ಎಸೆಯುವ ಪಿಕಾಫ್ ಎಸೆತ, ಅದರ ಜೊತೆಗೆ ಬರುವ ಬಾಕ್ (ರನ್ನರ್‌ನನ್ನು ಮೋಸಗೊಳಿಸುವಂಥ ಪಿಚರ್‌ನ ಅಕ್ರಮ ಚಲನೆ) ನಿಯಮಗಳು ಇವೆಲ್ಲವನ್ನೂ ಆ ವಯಸ್ಸಿನಲ್ಲಿ ಹೇರದೆ ಇರಲು ಲೀಡ್ ನಿಷೇಧ ನೆರವಾಗುತ್ತದೆ. ಮೇಜರ್ ವಿಭಾಗದಲ್ಲಿ ಬಾಕ್ ಎಂಬ ತೀರ್ಪೇ ಇಲ್ಲದಿರುವುದಕ್ಕೂ ಈ ನಿಷೇಧಕ್ಕೂ ನೇರ ಸಂಬಂಧವಿದೆ. ಇದನ್ನು ಮಕ್ಕಳ ಮೇಲಿನ ಅಪನಂಬಿಕೆ ಎಂದು ಟೀಕಿಸುವವರ ವಾದವನ್ನು ನಾನು ಒಪ್ಪುವುದಿಲ್ಲ. ಲೀಡ್ ಕಲಿಯಲು ಮುಂದಿನ ವಿಭಾಗಗಳಲ್ಲಿ ಬೇಕಾದಷ್ಟು ಸಮಯವಿದೆ; ಹತ್ತರ ವಯಸ್ಸಿನಲ್ಲಿ ಚೆಂಡನ್ನು ಕಣ್ಣಿನಿಂದ ಹಿಂಬಾಲಿಸಿ ಸರಿಯಾದ ಕ್ಷಣಕ್ಕೆ ಹೊರಡುವುದನ್ನು ಕಲಿತ ಮಗು ಲೀಡ್ ಹಿಡಿಯುವುದನ್ನು ಬೇಗನೆ ಕಲಿಯುತ್ತದೆ.

ಪ್ರಶ್ನೆ: ನಾನು ಈ ವರ್ಷ ಮೊದಲ ಬಾರಿಗೆ ಸ್ವಯಂಸೇವಕ ಕೋಚ್ ಆಗಿದ್ದೇನೆ. ನಮ್ಮ ತಂಡದ ಒಬ್ಬ ಹುಡುಗ ಎರಡನೇ ಬೇಸ್‌ನಿಂದ ತುಸು ಮೊದಲೇ ಹೊರಟ. ಬ್ಯಾಟರ್ ಔಟ್‌ಫೀಲ್ಡ್‌ಗೆ ಚೆಂದದ ಸಿಂಗಲ್ ಹೊಡೆದ, ಹುಡುಗ ಹೋಮ್ ತಲುಪಿದ. ಅಂಪೈರ್ ರನ್ ರದ್ದು ಮಾಡಿ ಅವನನ್ನು ಎರಡನೇ ಬೇಸ್‌ಗೇ ಕಳಿಸಿದರು. ಪೋಷಕರಿಗೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಸ್ಟೀಲ್ ಪ್ರಯತ್ನ ಅಲ್ಲದಿದ್ದರೂ ಹೀಗಾಗುತ್ತದೆಯೆ?

ಉತ್ತರ: ಆಗುತ್ತದೆ. ಅಂಪೈರ್ ಅವರ ತೀರ್ಪಿನಲ್ಲಿ ತಪ್ಪಿಲ್ಲ. ಚೆಂಡು ಹೊಡೆದಾಗಲೂ ಅವಸರದ ರನ್ನರ್ ಓಟ ಮುಂದುವರಿಸಬಹುದು, ಔಟ್ ಆದರೆ ಔಟ್ ಉಳಿಯುತ್ತದೆ. ಔಟ್ ಆಗದಿದ್ದರೆ ಆತ ತಾನಿದ್ದ ಬೇಸ್‌ಗೆ, ಅದು ತುಂಬಿದ್ದರೆ ಅದಕ್ಕೆ ಸಮೀಪದ ಖಾಲಿ ಬೇಸ್‌ಗೆ ಮರಳಬೇಕು. ಬ್ಯಾಟರ್‌ಗೆ ತನ್ನ ಹೊಡೆತದ ಬೆಲೆಯಷ್ಟೇ ಸಿಗುತ್ತದೆ: ಸಿಂಗಲ್‌ಗೆ ಮೊದಲ ಬೇಸ್, ಡಬಲ್‌ಗೆ ಎರಡನೆಯದು, ಟ್ರಿಪಲ್‌ಗೆ ಮೂರನೆಯದು. ಆ ಬೆಲೆ ಎಷ್ಟೆಂದು ನಿರ್ಧರಿಸುವವರು ಮುಖ್ಯ ಅಂಪೈರ್.

ನಿಮ್ಮ ಪ್ರಸಂಗದಲ್ಲಿ ಬ್ಯಾಟರ್ ಮೊದಲ ಬೇಸ್‌ನಲ್ಲಿದ್ದಾನೆ, ಎರಡನೆಯದು ಖಾಲಿ, ಆದ್ದರಿಂದ ರನ್ನರ್ ಅಲ್ಲಿಗೇ ಹಿಂದಿರುಗಿದ. ಮೊದಲ ಬೇಸ್‌ನ ರನ್ನರ್ ಅವಸರಪಟ್ಟಿದ್ದು ಬ್ಯಾಟರ್ ಡಬಲ್ ಹೊಡೆದಿದ್ದರೆ, ಬ್ಯಾಟರ್‌ಗೆ ಎರಡನೇ ಬೇಸ್ ಸೇರುವುದರಿಂದ ರನ್ನರ್ ಮೂರನೆಯದರಲ್ಲಿ ನಿಲ್ಲುತ್ತಿದ್ದ. ಹೋಮ್ ತಲುಪಿದ್ದರೂ ರನ್ ಸಿಗುತ್ತಿರಲಿಲ್ಲ. ಟ್ರಿಪಲ್ ಅಥವಾ ಹೋಮ್ ರನ್ ಆದರೆ ಮಾತ್ರ ಬೇಸ್ ಮೇಲಿದ್ದವರೆಲ್ಲರ ರನ್ನೂ ಲೆಕ್ಕಕ್ಕೆ ಬರುತ್ತದೆ. ಇವೆಲ್ಲಕ್ಕಿಂತ ವಿಚಿತ್ರವಾಗಿ ಕಾಣುವುದು ಮೂರೂ ಬೇಸ್ ತುಂಬಿರುವಾಗಿನ ಸಂದರ್ಭ. ಯಾರೋ ಒಬ್ಬರು ಮೊದಲೇ ಹೊರಟು, ಬ್ಯಾಟರ್ ಬಂಟ್ ಮಾಡಿ (ಬ್ಯಾಟ್ ಬೀಸದೆ ಚೆಂಡಿಗೆ ಮೆಲ್ಲನೆ ತಾಗಿಸಿ) ಅಥವಾ ಬೇಸ್‌ಗಳ ಸುತ್ತಲಿನ ಇನ್‌ಫೀಲ್ಡ್ ಒಳಗೇ ಹೊಡೆದು ಮೊದಲ ಬೇಸ್‌ನಲ್ಲಿ ಸುರಕ್ಷಿತನಾದ ಎಂದುಕೊಳ್ಳಿ. ಆಗ ಎಲ್ಲರೂ ಒಂದೊಂದು ಬೇಸ್ ಮುಂದೆ ಹೋಗುತ್ತಾರೆ. ಮೂರನೇ ಬೇಸ್‌ನಲ್ಲಿದ್ದ ಮಗುವನ್ನು ಮಾತ್ರ ರನ್ನೂ ಇಲ್ಲದೆ, ಔಟೂ ಇಲ್ಲದೆ ಬೇಸ್‌ನಿಂದ ತೆಗೆದು ಹೊರಗೆ ಕಳಿಸಲಾಗುತ್ತದೆ. ಆ ಮಗು ತಪ್ಪು ಮಾಡಿರಬೇಕೆಂದೇನೂ ಇಲ್ಲ. ಇದು ಎಂಟೊಂಬತ್ತು ವರ್ಷದವರಿಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಆಟ ನಡೆಯುವಾಗ ವಿವರಿಸಲು ಸಮಯವಿರುವುದಿಲ್ಲವಾದ್ದರಿಂದ ಅಭ್ಯಾಸದ ದಿನವೇ ಮಕ್ಕಳಿಗೂ ಪೋಷಕರಿಗೂ ಇದನ್ನು ತಿಳಿಸಿಡಿ.

ಅಭ್ಯಾಸದಲ್ಲಿ ನೀವು ಕಲಿಸಬಹುದಾದ ಒಂದು ಉಪಾಯವಿದೆ. ಮಗು ಒಂದು ಕಾಲನ್ನು ಬೇಸ್‌ನ ಅಂಚಿಗೆ ಒತ್ತಿ, ಇನ್ನೊಂದನ್ನು ಬೇಸ್‌ನ ಹಿಂಬದಿಯಲ್ಲಿಟ್ಟುಕೊಂಡು ನಿಲ್ಲಲಿ. ಪಿಚ್ ಬರುತ್ತಿರುವಾಗ ಹಿಂದಿನ ಕಾಲನ್ನು ಮುಂದೆ ಬೀಸಿ ದೇಹದ ತೂಕವನ್ನು ಮುಂದಕ್ಕೆ ತರಲಿ. ಚೆಂಡು ಬ್ಯಾಟರ್‌ನನ್ನು ತಲುಪಿದಾಗ ಬೇಸ್ ಮೇಲಿನ ಕಾಲು ಕೊನೆಯದಾಗಿ ಬಿಡಲಿ. ಆ ಕಾಲು ಬೇಸನ್ನು ಮುಟ್ಟಿರುವವರೆಗೆ ಇದರಲ್ಲಿ ನಿಯಮದ ಉಲ್ಲಂಘನೆಯಿಲ್ಲ, ಮತ್ತು ನಿಂತಲ್ಲಿಂದ ಹೊರಡುವುದಕ್ಕಿಂತ ಇದು ಎಷ್ಟೋ ಚುರುಕು. ಪಿಚರ್‌ನ ಕೈ ನೋಡುತ್ತಾ ಊಹೆಯ ಮೇಲೆ ಹೊರಡುವುದನ್ನು ಬಿಡಿಸಿ, ಬ್ಯಾಟರ್‌ನ ಮುಂದಿನ ಜಾಗದ ಮೇಲೆ ಕಣ್ಣಿಡುವುದನ್ನು ರೂಢಿ ಮಾಡಿಸಿ.

ಇನ್ನೊಂದು ಸಂಗತಿ. ಬೇಸ್‌ಗೆ ಅಂಟಿಕೊಂಡಿರಬೇಕಾದದ್ದು ಮೇಲೆ ಹೇಳಿದ ಷರತ್ತುಗಳೆಲ್ಲ ಒಟ್ಟಿಗೆ ಇರುವಾಗ ಮಾತ್ರ. ಚೆಂಡು ಬ್ಯಾಟರ್‌ನನ್ನು ದಾಟಿದ ಮೇಲೆ ರನ್ನರ್ ನಾಲ್ಕಾರು ಹೆಜ್ಜೆ ಮುಂದೆ ಬಂದು ನಿಲ್ಲಬಹುದು. ಕ್ಯಾಚರ್ ನಿಧಾನವಾಗಿ ಚೆಂಡನ್ನು ಪಿಚರ್‌ಗೆ ಮರಳಿಸುವಾಗ ಮುಂದಿನ ಬೇಸ್‌ಗೆ ಓಡಲೂಬಹುದು. ಅದು ನ್ಯಾಯಸಮ್ಮತ. ಪಿಚರ್ ಚೆಂಡಿನೊಂದಿಗೆ ಮತ್ತೆ ಪ್ಲೇಟ್ ಮೆಟ್ಟಿ ಕ್ಯಾಚರ್ ಸಿದ್ಧನಾಗುವಷ್ಟರಲ್ಲಿ ರನ್ನರ್ ಬೇಸ್ ಮೇಲಿರಬೇಕು. ಟೀ ಬಾಲ್ (ಕಂಬದ ಮೇಲಿಟ್ಟ ಚೆಂಡನ್ನು ಹೊಡೆಯುವ ಆಟ) ಆಡುವ ಪುಟ್ಟ ಮಕ್ಕಳಿಗೆ ಇದಾವುದೂ ಇಲ್ಲ. ಅಲ್ಲಿ ಚೆಂಡಿಗೆ ಬ್ಯಾಟ್ ತಾಗುವವರೆಗೆ ಎಲ್ಲರೂ ಬೇಸ್ ಮುಟ್ಟಿಕೊಂಡೇ ಇರಬೇಕು.

ಪ್ರಶ್ನೆ: ಮೂರನೇ ಬೇಸ್‌ನಲ್ಲಿ ನಿಂತಿದ್ದ ನನ್ನ ಮಗಳಿಗೆ ಕೋಚ್ ಪದೇ ಪದೇ "ಗೆರೆಯ ಆಚೆ ನಿಲ್ಲು" ಎಂದು ಕೂಗುತ್ತಿದ್ದರು. ಗೆರೆಯ ಒಳಗೆ ನಿಂತರೆ ತಪ್ಪೆ? ಬೇಸ್ ಮುಟ್ಟಿಕೊಂಡಿದ್ದರೆ ಚೆಂಡು ತಾಗಿದರೂ ಔಟ್ ಇಲ್ಲ ಎಂದು ಇನ್ನೊಬ್ಬ ಪೋಷಕರು ಹೇಳಿದರು.

ಉತ್ತರ: ಮೂರನೇ ಬೇಸ್‌ನಿಂದ ಹೋಮ್‌ವರೆಗಿನ ಗೆರೆಯ ಒಳಗೆ ನಿಲ್ಲುವುದು ತಪ್ಪಲ್ಲ, ಅಪಾಯ. ಹೊಡೆದ ಚೆಂಡು ಗೆರೆಯ ಒಳಗಿನ ಫೇರ್ ಪ್ರದೇಶದಲ್ಲಿ, ಯಾವ ಫೀಲ್ಡರ್‌ಗೂ ತಾಗದೆ, ಯಾವ ಇನ್‌ಫೀಲ್ಡರ್‌ನನ್ನೂ ದಾಟದೆ ನೇರವಾಗಿ ಬಂದು ರನ್ನರ್‌ಗೆ ಬಡಿದರೆ ರನ್ನರ್ ಔಟ್. ಬ್ಯಾಟರ್‌ಗೆ ಮೊದಲ ಬೇಸ್ ಸಿಗುತ್ತದೆ. ಅದೇ ಚೆಂಡು ಗೆರೆಯ ಆಚೆ, ಫೌಲ್ ಪ್ರದೇಶದಲ್ಲಿ ಹೋಗುತ್ತಾ ಅವಳಿಗೆ ತಾಗಿದರೆ ಅದು ಬರೀ ಫೌಲ್ ಚೆಂಡು. ಆದ್ದರಿಂದ ಬೇಸ್‌ನ ಹೊರ ಅಂಚನ್ನು ಪಾದದಿಂದ ಮುಟ್ಟಿಕೊಂಡು ದೇಹವನ್ನು ಫೌಲ್ ಬದಿಯಲ್ಲಿಡುವುದು, ಚೆಂಡು ಬ್ಯಾಟರ್‌ನನ್ನು ತಲುಪಿದ ಮೇಲೆ ಹೋಮ್ ಕಡೆಗೆ ಹೆಜ್ಜೆ ಹಾಕುವಾಗಲೂ ಸುಣ್ಣದ ಗೆರೆಯಿಂದ ಒಂದು ಹೆಜ್ಜೆ ಆಚೆಯೇ ನಡೆಯುವುದು ಒಳ್ಳೆಯ ಪದ್ಧತಿ. ಹಿಂದಿರುಗುವಾಗ ಮಾತ್ರ ಗೆರೆಯ ಒಳಬದಿಯಿಂದ ಬರುವಂತೆ ಕೋಚ್‌ಗಳು ಹೇಳಿಕೊಡುತ್ತಾರೆ, ಏಕೆಂದರೆ ಆಗ ಕ್ಯಾಚರ್‌ಗೆ ಮೂರನೇ ಬೇಸ್‌ನತ್ತ ಎಸೆಯುವ ದಾರಿ ಸುಲಭವಾಗಿ ಕಾಣುವುದಿಲ್ಲ. ಎಸೆದ ಚೆಂಡಿಗೆ ಬೇಕೆಂದೇ ಕೈ ಅಡ್ಡ ಹಿಡಿದರೆ ಅದು ಔಟ್ ಎಂಬುದನ್ನೂ ಹೇಳಿಕೊಡಬೇಕು.

ಆ ಪೋಷಕರ ಮಾತು ಸರಿಯಲ್ಲ. ಬೇಸ್ ಮೇಲೆ ನಿಂತಿದ್ದರೂ ಇಂಥ ಚೆಂಡು ತಾಗಿದರೆ ಔಟ್. ಇನ್‌ಫೀಲ್ಡ್ ಫ್ಲೈ (ಇನ್‌ಫೀಲ್ಡ್‌ನ ಸುಲಭ ಎತ್ತರದ ಚೆಂಡಿಗೆ ಬ್ಯಾಟರ್‌ನನ್ನು ಮೊದಲೇ ಔಟ್ ಎನ್ನುವ ತೀರ್ಪು) ಘೋಷಣೆಯಾದಾಗ ಬೇಸ್ ಮುಟ್ಟಿಕೊಂಡಿರುವ ರನ್ನರ್‌ಗೆ ಮಾತ್ರ ವಿನಾಯಿತಿ. ಅವರು ಬಹುಶಃ ಬೇರೊಂದು ನಿಯಮವನ್ನು ಇದರೊಂದಿಗೆ ಬೆರೆಸಿದ್ದಾರೆ. ಹೊಡೆದ ಚೆಂಡನ್ನು ಹಿಡಿಯಲು ಬರುವ ಫೀಲ್ಡರ್‌ಗೆ ರನ್ನರ್ ದಾರಿ ಬಿಡಲೇಬೇಕು, ತಡೆದರೆ ಔಟ್. ಆದರೆ ತನಗೆ ಹಕ್ಕಿರುವ ಬೇಸನ್ನು ಮುಟ್ಟಿ ನಿಂತಿರುವ ರನ್ನರ್ ಅರಿವಿಲ್ಲದೆ ಅಡ್ಡಿಯಾದರೆ, ಉದ್ದೇಶಪೂರ್ವಕವಲ್ಲದಿದ್ದರೆ, ಔಟ್ ಇಲ್ಲ. ಫೀಲ್ಡರ್ ತಾಗುವುದು ಬೇರೆ, ಚೆಂಡು ತಾಗುವುದು ಬೇರೆ.

ಪ್ರಶ್ನೆ: ಹೊಡೆದ ಚೆಂಡು ಎತ್ತರಕ್ಕೆ ಹಾರಿದಾಗ ಬೇಸ್‌ನಿಂದ ಎರಡು ಹೆಜ್ಜೆ ಹಿಂದೆ ನಿಂತು, ಕ್ಯಾಚ್ ಆಗುವ ಹೊತ್ತಿಗೆ ಓಡಿ ಬಂದು ಬೇಸ್ ತುಳಿದು ಮುಂದೆ ಹೋಗಬಹುದೆ?

ಉತ್ತರ: ಇಲ್ಲ. ಕ್ಯಾಚ್ ಆದ ಮೇಲೆ ಮುಂದೆ ಓಡಬೇಕಾದರೆ ಬೇಸ್ ಮುಟ್ಟಿಕೊಂಡ ಸ್ಥಿತಿಯಿಂದಲೇ ಹೊರಡಬೇಕು. ಬೇಸ್‌ನ ಹಿಂದಿನಿಂದ ಓಡಿ ಬರುವುದನ್ನು ನಿಯಮ ಸ್ಪಷ್ಟವಾಗಿ ನಿಷೇಧಿಸುತ್ತದೆ ಮತ್ತು ಎದುರಾಳಿ ತಂಡ ಅಪೀಲ್ ಮಾಡಿದರೆ ಔಟ್. ಅದೇ ವೇಳೆ, ಫೀಲ್ಡರ್ ಚೆಂಡನ್ನು ಭದ್ರವಾಗಿ ಹಿಡಿಯುವವರೆಗೆ ಕಾಯಬೇಕಾಗಿಲ್ಲ. ಮೊದಲ ಫೀಲ್ಡರ್‌ನ ಗ್ಲೌಸ್‌ಗೆ ಚೆಂಡು ತಾಗಿದ ಕ್ಷಣವೇ ಹೊರಡಬಹುದು, ಅದು ಆಮೇಲೆ ಕೈಯಲ್ಲಿ ಕುಣಿದು ಕೊನೆಗೆ ಹಿಡಿತಕ್ಕೆ ಬಂದರೂ ಸರಿ.

ಪ್ರಶ್ನೆ: ಒಂದೇ ಬೇಸ್ ಮೇಲೆ ನಮ್ಮ ತಂಡದ ಇಬ್ಬರು ಮಕ್ಕಳು ನಿಂತುಬಿಟ್ಟರು. ಫೀಲ್ಡರ್ ಇಬ್ಬರನ್ನೂ ಟ್ಯಾಗ್ ಮಾಡಿದ. ಯಾರು ಔಟ್?

ಉತ್ತರ: ಹಿಂದಿನಿಂದ ಬಂದ ರನ್ನರ್ ಔಟ್, ಬೇಸ್ ಮೊದಲಿದ್ದವರದ್ದು. ಬ್ಯಾಟರ್ ಓಡಿದ್ದರಿಂದ ಮುಂದಿನವರು ಬೇಸ್ ಬಿಡಲೇಬೇಕಾದ ಫೋರ್ಸ್ ಸಂದರ್ಭವಾಗಿದ್ದರೆ ತಿರುಗುಮುರುಗು: ಹಿಂದಿನಿಂದ ಬಂದವರಿಗೆ ಬೇಸ್, ಮುಂದಿದ್ದವರು ಔಟ್.

ಪ್ರಶ್ನೆ: ಮೊಮ್ಮಗನ ಆಟ ನೋಡಲು ಹೋಗುವ ಅಜ್ಜಿ ನಾನು. ನಿಯಮಗಳು ನನಗೆ ಅಷ್ಟಾಗಿ ತಿಳಿಯವು. ಮಕ್ಕಳು ಬೇಸ್ ಬಳಿ ಡಿಕ್ಕಿ ಹೊಡೆದುಕೊಳ್ಳುವುದನ್ನು ಕಂಡರೆ ಭಯವಾಗುತ್ತದೆ. ಇದಕ್ಕೆ ಏನಾದರೂ ಕಟ್ಟುಪಾಡು ಇದೆಯೆ?

ಉತ್ತರ: ಇದೆ ಅಮ್ಮ, ಮತ್ತು ನಿಮ್ಮ ಭಯಕ್ಕೆ ಆಧಾರವೂ ಇದೆ. ಚೆಂಡನ್ನು ಕೈಯಲ್ಲಿ ಹಿಡಿದು ಟ್ಯಾಗ್ ಮಾಡಲು ಕಾಯುತ್ತಿರುವ ಫೀಲ್ಡರ್ ಎದುರಿಗಿದ್ದರೆ, ರನ್ನರ್ ಒಂದೋ ನೆಲದ ಮೇಲೆ ಜಾರಿ ಸ್ಲೈಡ್ ಮಾಡಬೇಕು, ಇಲ್ಲವೇ ಫೀಲ್ಡರ್‌ನನ್ನು ಬಳಸಿಕೊಂಡು ಹೋಗಲು ಪ್ರಯತ್ನಿಸಬೇಕು. ಎರಡನ್ನೂ ಮಾಡದೆ ನುಗ್ಗಿದರೆ ಔಟ್. ಸ್ಲೈಡ್ ಕಡ್ಡಾಯ ಎಂದು ಅನೇಕರು ನಂಬಿದ್ದಾರೆ. ಹಾಗಿಲ್ಲ, ಬಳಸಿ ಹೋಗುವುದೂ ಸಾಕು. ಆದರೆ ಟ್ಯಾಗ್ ತಪ್ಪಿಸಿಕೊಳ್ಳಲು, ಆ ಕ್ಷಣದಲ್ಲಿ ತಾನಿರುವ ಜಾಗದಿಂದ ಬೇಸ್‌ಗಿರುವ ನೇರ ದಾರಿಯನ್ನು ಬಿಟ್ಟು ಮೂರು ಅಡಿಗಿಂತ ಹೆಚ್ಚು ಪಕ್ಕಕ್ಕೆ ಸರಿಯುವಂತಿಲ್ಲ. ಮೇಜರ್ ಮತ್ತು ಕೆಳಗಿನ ವಿಭಾಗಗಳಲ್ಲಿ ಮುಂದಿನ ಬೇಸ್‌ಗೆ ತಲೆ ಮುಂದಾಗಿ ಜಾರುವುದಕ್ಕೂ ಅವಕಾಶವಿಲ್ಲ, ಹಾಗೆ ಜಾರಿದ ಮಗು ಔಟ್. ಬಿಟ್ಟ ಬೇಸ್‌ಗೆ ಹಿಂದಿರುಗುವಾಗ ಮಾತ್ರ ಅದು ಒಪ್ಪಿತ. ಕುತ್ತಿಗೆ ಮತ್ತು ಬೆರಳುಗಳ ಸುರಕ್ಷತೆಯ ದೃಷ್ಟಿಯಿಂದ ಮಕ್ಕಳ ನಿಯಮಗಳಲ್ಲಿ ನಾನು ಅತ್ಯಂತ ಬೆಲೆ ಕೊಡುವ ನಿಯಮಗಳಲ್ಲಿ ಇದೂ ಒಂದು. ಫೀಲ್ಡರ್‌ಗೂ ಕಟ್ಟುಪಾಡಿದೆ: ಚೆಂಡು ಕೈಯಲ್ಲಿಲ್ಲದೆ ಬೇಸ್‌ನ ದಾರಿಗೆ ಅಡ್ಡ ನಿಂತರೆ ಅದು ಅಬ್‌ಸ್ಟ್ರಕ್ಷನ್, ಅಂಪೈರ್ ರನ್ನರ್‌ನ ಪರವಾಗಿ ತೀರ್ಪು ಕೊಡಬಹುದು.

ಮೊದಲ ಬೇಸ್‌ನಲ್ಲಿ ನಿಮ್ಮ ಮೊಮ್ಮಗ ಬೇಸ್ ತುಳಿದು ಮುಂದಕ್ಕೆ ಓಡಿಹೋಗುವುದನ್ನು ನೋಡಿ ಗಾಬರಿಯಾಗಬೇಡಿ. ಬ್ಯಾಟ್ ಮಾಡಿ ಓಡಿದವರು ಅಲ್ಲಿ ನಿಲ್ಲದೆ ದಾಟಿ ಹೋಗಿ, ತಕ್ಷಣ ಹಿಂದಿರುಗಬಹುದು. ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಪರವಾಗಿಲ್ಲ, ಎರಡನೇ ಬೇಸ್‌ಗೆ ಓಡುವ ಪ್ರಯತ್ನ ಮಾಡಿದರೆ ಮಾತ್ರ ಟ್ಯಾಗ್ ಮಾಡಿ ಔಟ್ ಮಾಡಬಹುದು.

ಪ್ರಶ್ನೆ: ಮಗ ಮುಂದಿನ ಋತುವಿನಲ್ಲಿ ಇಂಟರ್‌ಮೀಡಿಯೆಟ್ ವಿಭಾಗಕ್ಕೆ ಹೋಗುತ್ತಾನೆ. ಅಲ್ಲಿ ಏನು ಬದಲಾಗುತ್ತದೆ? ಈಗಿನಿಂದಲೇ ಏನನ್ನು ಅಭ್ಯಾಸ ಮಾಡಿಸಬೇಕು?

ಉತ್ತರ: ಆ ವಿಭಾಗದಲ್ಲಿ ಬೇಸ್‌ಗಳ ನಡುವೆ 70 ಅಡಿ, ಪಿಚಿಂಗ್ ದೂರ 50 ಅಡಿ. 7.13ನೇ ನಿಯಮ ಅಲ್ಲಿಗೆ ಅನ್ವಯಿಸುವುದಿಲ್ಲ. ಪಿಚ್‌ಗೆ ಮೊದಲೇ ಲೀಡ್ ಹಿಡಿಯಬಹುದು, ಪಿಚರ್ ಬೇಸ್‌ಗೆ ಎಸೆದು ಔಟ್ ಮಾಡಲು ಯತ್ನಿಸಬಹುದು, ಬಾಕ್ ತೀರ್ಪೂ ಜಾರಿಗೆ ಬರುತ್ತದೆ. ಬೇಸ್ ಮೇಲೆ ನಿಂತು ಕಾಯುತ್ತಿದ್ದ ಮಗು ಈಗ ಪಿಚರ್‌ನ ಪಾದಗಳನ್ನು ಓದಬೇಕಾಗುತ್ತದೆ.

ಮುಂದಕ್ಕೆ ಎಷ್ಟು ದೂರ ಹೋಗಬಹುದು ಎಂಬುದಕ್ಕಿಂತ ಎಷ್ಟು ಬೇಗ ಹಿಂದಿರುಗಬಲ್ಲ ಎಂಬುದರಿಂದ ಲೀಡ್ ಅಳೆಯಿರಿ. ಒಂದು ದೊಡ್ಡ ಹೆಜ್ಜೆ ಮತ್ತು ಕೈಚಾಚಿ ಬೀಳುವ ಒಂದು ನೆಗೆತದಲ್ಲಿ ಬೇಸ್ ಮುಟ್ಟುವಂತಿದ್ದರೆ ಆರಂಭಕ್ಕೆ ಅಷ್ಟು ಸಾಕು. ಬೇಸ್‌ನಿಂದ ಹೊರಡುವಾಗ ಕಾಲ ಮೇಲೆ ಕಾಲು ಹಾಕಿ ನಡೆಯದೆ ಪಕ್ಕಕ್ಕೆ ಜರುಗಬೇಕು. ಕಾಲುಗಳು ಕತ್ತರಿಯಾಗಿರುವ ಕ್ಷಣವನ್ನೇ ಚುರುಕಾದ ಪಿಚರ್ ಕಾಯುತ್ತಿರುತ್ತಾನೆ. ಪಿಚರ್ ಕೈಯಲ್ಲಿ ಚೆಂಡು ಇದೆಯೆಂದು ಖಚಿತವಾಗುವವರೆಗೆ ಬೇಸ್ ಬಿಡಬಾರದು, ಏಕೆಂದರೆ ಫೀಲ್ಡರ್ ಚೆಂಡನ್ನು ಗ್ಲೌಸ್‌ನಲ್ಲಿ ಬಚ್ಚಿಟ್ಟುಕೊಂಡು ಕಾಯುವ ಆಟವೂ ಈ ವಯಸ್ಸಿನಲ್ಲಿ ಶುರುವಾಗುತ್ತದೆ. ಹಿಂದಿರುಗುವ ಕೈ ಬೇಸ್‌ನ ಹಿಂಬದಿಯ ಮೂಲೆಯನ್ನು ಮುಟ್ಟುವಂತೆ, ಮುಖ ಚೆಂಡು ಬರುವ ದಿಕ್ಕಿಗೆ ವಿರುದ್ಧವಾಗಿ ತಿರುಗಿರುವಂತೆ ಹುಲ್ಲಿನ ಮೇಲೆ ಮೊದಲು ಅಭ್ಯಾಸ ಮಾಡಿಸಿ, ಆಮೇಲೆ ಮಣ್ಣಿನ ಮೇಲೆ.